ಬಲಗಾಲು ಹಾಗೇ ಇದೆ ಎಂದವರು

ಸ್ನಾಯುಗಳು ತಾವಾಗಿಯೇ ಹುರಿಗೊಂಡು ಕುತ್ತಿಗೆಯನ್ನು ಒಂದು ಕಡೆಗೂ ಬೆನ್ನನ್ನು ಇನ್ನೊಂದು ಕಡೆಗೂ ತಿರುಚಿಬಿಡುವ ಕಾಯಿಲೆಯೊಂದಿದೆ. ಅಂಥ ಮಕ್ಕಳ ಮೆದುಳಿನ ಎರಡು ಬದಿಗೂ ಕೂದಲೆಳೆಗಿಂತ ತುಸು ದಪ್ಪನೆಯ ತಂತಿಗಳನ್ನಿಳಿಸಿ, ಎದೆಯ ಚರ್ಮದಡಿ ಇಟ್ಟ ಬ್ಯಾಟರಿಯಿಂದ ವಿದ್ಯುತ್ತು ಹರಿಸುವ ಶಸ್ತ್ರಚಿಕಿತ್ಸೆ ನಮ್ಮ ಆಸ್ಪತ್ರೆಯಲ್ಲಿ ಆರಂಭವಾಗಿ ಹತ್ತೊಂಬತ್ತು ವರ್ಷಗಳಾದವು. ಅದರ ಮಾತು ಬಂದಾಗಲೆಲ್ಲ ಜನ ಶಸ್ತ್ರವೈದ್ಯರ ಕೈಯನ್ನು ಹೊಗಳುತ್ತಾರೆ; ಹೊಗಳಬೇಕಾದದ್ದೇ. ಆದರೆ ಆ ಕೈ ಮಾಡಿದ ಕೆಲಸ ಫಲಿಸಿತೋ ಇಲ್ಲವೋ ಎಂಬುದನ್ನು ಮುಲಾಜಿಲ್ಲದೆ ಹೇಳುವವರೊಬ್ಬರು ಬೇಕಲ್ಲ. ಅಷ್ಟೂ ವರ್ಷ ಆ ಹೊಣೆ ಹೊತ್ತವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಫಿಸಿಯೋಥೆರಪಿಸ್ಟರು.

ಮೂವತ್ತನಾಲ್ಕು ವರ್ಷಗಳ ಹಿಂದೆ ಅವರು ಕೆಲಸಕ್ಕೆ ಸೇರಿದಾಗ ಸಿಕ್ಕಿದ್ದು ಪ್ಲಾಸ್ಟರ್ ಕೋಣೆಯ ಹಿಂದಿನ ಕಿಟಕಿಯಿಲ್ಲದ ಒಂದು ಕೊಠಡಿ, ಹರಿದ ಚಾಪೆ, ಎರಡು ಮರದ ಸ್ಟೂಲು. ತಂತಿಯ ಚಿಕಿತ್ಸೆ ಬರುವ ಮೊದಲು ಆ ಮಕ್ಕಳಿಗೆ ಕೊಡಲು ಯಾರ ಬಳಿಯೂ ಹೆಚ್ಚೇನೂ ಇರಲಿಲ್ಲ. ಮಗುವನ್ನು ಸೊಂಟ ಮುರಿಯದಂತೆ ಎತ್ತುವುದು ಹೇಗೆ, ಗಂಟಲಿಗೆ ಸಿಕ್ಕದಂತೆ ಉಣಿಸುವುದು ಹೇಗೆ ಎಂದು ಅಪ್ಪ ಅಮ್ಮಂದಿರಿಗೆ ಅವರು ಕಲಿಸಿದರು. ಮಗಳನ್ನು ಹೊತ್ತು ಹೊತ್ತು ಭುಜ ಹಾಳುಮಾಡಿಕೊಂಡಿದ್ದ ವೆಲ್ಡಿಂಗ್ ಕೆಲಸದವನೊಬ್ಬನಿಗೆ, ತಮ್ಮ ಊಟದ ಬಿಡುವಿನಲ್ಲಿ, ಒಂದು ವರ್ಷ ಭುಜದ ವ್ಯಾಯಾಮ ಮಾಡಿಸಿದರು. ಕೇಸ್ ಪೇಪರಿನಲ್ಲಿ ಅವನ ಹೆಸರೇ ಇರಲಿಲ್ಲ.

ಚಿಕಿತ್ಸೆ ಬಂದ ಮೇಲೆ ಅವರು ಒಂದು ಪದ್ಧತಿ ಕಟ್ಟಿದರು. ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ಮೂರು ತಿಂಗಳಿಗೆ, ಆರು ತಿಂಗಳಿಗೆ ಮಗುವಿನ ಚಲನೆಯ ವಿಡಿಯೋ ಆಗಬೇಕು. ತೆಗೆಯುವವನು ತಂತ್ರಜ್ಞ, ಅವರು ಆ ಕೋಣೆಗೆ ಕಾಲಿಡುವುದಿಲ್ಲ. ಬೋಳಿಸಿದ ತಲೆಯಿಂದ ಹಿಂದಿನದು ಯಾವುದು ಮುಂದಿನದು ಯಾವುದು ಎಂದು ಗೊತ್ತಾಗಬಾರದೆಂದು ಪ್ರತಿಸಲವೂ ಮಗುವಿಗೆ ಅದೇ ಬಟ್ಟೆಯ ಟೋಪಿ, ಎದೆಯ ಬ್ಯಾಟರಿಯ ಗುರುತು ಕಾಣದ ಅದೇ ಅಂಗಿ. ತಂತ್ರಜ್ಞ ತಾರೀಖು ಅಳಿಸಿ, ಚೀಟಿ ಎತ್ತಿ, ಹಿಂದುಮುಂದು ಮಾಡಿ ಕೊಟ್ಟದ್ದನ್ನು ಅವರು ಬಾಗಿಲು ಹಾಕಿಕೊಂಡು ನೋಡಿ ಅಂಕ ಬರೆಯುತ್ತಿದ್ದರು. ತಿರುಚು ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಇಳಿಸುವ ವಿಷಯದಲ್ಲಿ ಅವರ ಕೈ ಎಷ್ಟು ಬಿಗಿಯೆಂದರೆ, ಇಡೀ ವಾರ್ಡಿಗೆ ಅವರು ‘ಜಿಪುಣಿ ಮೇಡಂ’ ಆಗಿದ್ದರು.

ಎಂಟು ವರ್ಷಗಳ ಹಿಂದೆ ಬಂದ ಹನ್ನೊಂದರ ಹುಡುಗಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ತಾಯಿ, ಬೆಲ್ಟು ಬಿಗಿಯದೆ ಕುರ್ಚಿಯಲ್ಲಿ ಕೂರಲಾಗದ ಮಗಳು. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಿಗೆ ಹುಡುಗಿಯ ಎಡಗೈ ಶಾಂತವಾಯಿತು. ತಾಯಿ ವಾರ್ಡಿಗೆಲ್ಲ ಅದನ್ನು ಹೇಳಿಕೊಂಡು ಓಡಾಡಿದರು, ಶಸ್ತ್ರವೈದ್ಯರು ಬೆನ್ನು ತಟ್ಟಿದರು. ಮುಚ್ಚಿದ ಬಾಗಿಲ ಹಿಂದಿನ ಅಂಕಗಳು ಮಾತ್ರ ಬೇರೆಯೇ ಇದ್ದವು: ಎಪ್ಪತ್ತೆಂಟು, ಎಪ್ಪತ್ಮೂರು, ಎಪ್ಪತ್ತೆರಡು. ಕೈಯೊಂದನ್ನು ಬಿಟ್ಟರೆ ಬೆನ್ನು, ಕುತ್ತಿಗೆ, ಬಲಗಾಲು ಮೂರೂ ವಿಡಿಯೋಗಳಲ್ಲಿ ಒಂದೇ ರೀತಿ. ಅವರಿಗೂ ಆ ಮಗು ಚೆನ್ನಾಗಾಗಬೇಕಿತ್ತು. ತಮ್ಮ ಕಣ್ಣೇ ತಪ್ಪಿರಲಿ ಎಂದುಕೊಂಡು, ಎರಡು ದಿನ ಬಿಟ್ಟು ಮತ್ತೆ ಕಲೆಸಿಕೊಡಲು ಹೇಳಿ ಮತ್ತೆ ನೋಡಿದರು. ಒಂದು ಅಂಕವೂ ಕದಲಲಿಲ್ಲ. ಬೆನ್ನಿನ ಎಕ್ಸ್‌ರೇ ತರಿಸಿದರೆ ಬಾಗು ಎಂಟು ಡಿಗ್ರಿ ಹೆಚ್ಚಿತ್ತು. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಮೂಳೆ ಆ ಬಾಗಿನಲ್ಲೇ ಬಲಿತುಬಿಡುತ್ತದೆ. ಆಮೇಲೆ ಯಾವ ತಂತಿಯೂ ಅದನ್ನು ನೆಟ್ಟಗೆ ಮಾಡದು.

ಅವರು ನೇರ ಶಸ್ತ್ರವೈದ್ಯರ ಕೋಣೆಗೆ ಹೋದರು.

“ತಲೆಯ ಸ್ಕ್ಯಾನ್ ಇನ್ನೊಂದ್ಸಲ ಮಾಡಿಸಿ.”

“ಆಪರೇಷನ್ ಮಾರನೇ ದಿನದ್ದು ಇದೆಯಲ್ಲಮ್ಮ, ಸರಿಯಾಗೇ ಇದೆ. ಕರೆಂಟ್ ಸ್ವಲ್ಪ ಏರಿಸಿ ನೋಡೋಣ. ನನ್ನ ಕೈ ಮೇಲೆ ಅನುಮಾನಾನಾ?”

“ಕೈ ಮೇಲಲ್ಲ, ತಂತಿ ಮೇಲೆ. ನಾಲ್ಕು ಸಲ ಏರಿಸಿ ಆಯ್ತು. ನೀವು ಬರೆದುಕೊಡೋವರೆಗೂ ನಾನು ಇಲ್ಲೇ ಕೂತಿರ್ತೀನಿ.”

ಕೂತರು. ವೈದ್ಯರು ಮೂವರು ರೋಗಿಗಳನ್ನು ನೋಡಿ ಮುಗಿಸುವವರೆಗೂ ಏಳಲಿಲ್ಲ. ಕೊನೆಗೆ ಚೀಟಿ ಬಂತು. ಸ್ಕ್ಯಾನಿನಲ್ಲಿ ಕಂಡದ್ದು: ಕುತ್ತಿಗೆಯ ಸೆಳೆತಕ್ಕೆ ಎಡಬದಿಯ ತಂತಿ ನಾಲ್ಕು ಮಿಲಿಮೀಟರ್ ಮೇಲಕ್ಕೆ ಜಾರಿತ್ತು. ಮೆದುಳಿನ ಎಡಬದಿ ಮೈಯ ಬಲಭಾಗವನ್ನು ನಡೆಸುವುದರಿಂದ ಬಲಗಾಲಿಗೆ ಏನೂ ತಲುಪುತ್ತಿರಲಿಲ್ಲ. ಮತ್ತೊಮ್ಮೆ ತಲೆ ತೆರೆಯಬೇಕು. ಸೋಂಕು, ರಕ್ತಸ್ರಾವದ ಅಪಾಯ ಮತ್ತೆ ಮೊದಲಿನಷ್ಟೇ. ಅದನ್ನು ತಾಯಿಗೆ ಹೇಳುವ ಕೆಲಸವನ್ನೂ ಅವರು ಬೇರೆಯವರಿಗೆ ಬಿಡಲಿಲ್ಲ.

ತಾಯಿ ಸಿಡಿದೆದ್ದರು. “ಎಷ್ಟೋ ವರ್ಷದ ಮೇಲೆ ನಮ್ಮನೇಲಿ ನಗು ಬಂದಿದೆ ಮೇಡಂ, ಅದಕ್ಕೂ ಕಲ್ಲು ಹಾಕ್ತೀರಲ್ಲ! ನನ್ನ ಮಗಳು ಚೆನ್ನಾಗಾಗೋದು ನಿಮಗೆ ಇಷ್ಟ ಇಲ್ವಾ?”

“ಕೈ ಚೆನ್ನಾಗಾಗಿದೆ, ಇಲ್ಲ ಅನ್ನಲ್ಲ. ಬಲಗಾಲು ಹಾಗೇ ಇದೆ.”

“ನಾನು ಹೆತ್ತವಳು. ನನಗೆ ಕಾಣಲ್ವಾ?”

ಕುರ್ಚಿಯಲ್ಲಿ ಬೆಲ್ಟಿನೊಳಗೆ ತಿರುಚಿಕೊಂಡು ಕೂತಿದ್ದ ಹುಡುಗಿ ಆಗ ಒಂದೊಂದೇ ಪದವನ್ನು ಎಳೆದೆಳೆದು ಹೇಳಿದಳು: “ಅಮ್ಮ, ಹಾಗೇ ಇದೆ. ನೀನು ಖುಷಿಯಾಗಿದ್ಯಲ್ಲ ಅಂತ ಹೇಳ್ಲಿಲ್ಲ.”

ತಾಯಿ ಬಗ್ಗಿ ಮಗಳ ಬಲಗಾಲಿನ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ, “ಸಹಿ ಎಲ್ಲಿ ಹಾಕ್ಬೇಕು?” ಎಂದರು.

ಮರುದಿನ ಬೆಳಗಿನ ಸಭೆಯಲ್ಲಿ ಶಸ್ತ್ರವೈದ್ಯರು ಆ ಸ್ಕ್ಯಾನನ್ನು ಎಲ್ಲರೆದುರು ಹಾಕಿ, “ಜಾರಿದ್ದು ತಂತಿ. ಆರು ತಿಂಗಳು ನೋಡದೇ ಇದ್ದದ್ದು ನಾನು” ಎಂದರು. ಶಸ್ತ್ರವೈದ್ಯರ ಬಗ್ಗೆ ನಮಗಿದ್ದ ಗೌರವ ಅಂದು ಎರಡು ಪಟ್ಟಾಯಿತೆಂದು ಇಲ್ಲಿ ದಾಖಲಿಸಲೇಬೇಕು. ಮೇಡಂ ಅಂಕ ಬರೆಯುವ ಮೊದಲು ಯಾವ ಮನೆಯವರಿಗೂ ಫಲಿತಾಂಶ ಹೇಳಬಾರದೆಂಬ ನಿಯಮ ಹುಟ್ಟಿದ್ದು ಅದೇ ಸಭೆಯಲ್ಲಿ.

ಎರಡನೆಯ ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳಿಗೆ ಬಂದ ಅಂಕ ಇಪ್ಪತ್ತೊಂಬತ್ತು. ತಂತ್ರಜ್ಞ, “ಇಪ್ಪತ್ತೆಂಟು ಮಾಡಿ ಮೇಡಂ, ಕಾಲು ನೆಟ್ಟಗಿದೆ” ಎಂದು ಗೋಗರೆದ. “ಹೆಬ್ಬೆರಳು ಇನ್ನೂ ತಿರುಗ್ತಿದೆ, ಸರಿಯಾಗಿ ನೋಡು” ಎಂದು ಬರೆದದ್ದನ್ನು ಹಾಗೇ ಬಿಟ್ಟರು. ಎಲ್ಲ ಮಕ್ಕಳಿಗೂ ಇಷ್ಟು ದಕ್ಕಲಿಲ್ಲ. ಹತ್ತೊಂಬತ್ತು ವರ್ಷಗಳ ತೊಂಬತ್ತಾರು ಮಕ್ಕಳಲ್ಲಿ ಹದಿನೇಳು ಮಕ್ಕಳ ಅಂಕ ಇಳಿಯಲೇ ಇಲ್ಲ. ಆ ಹದಿನೇಳನ್ನೂ ಅವರು ವರದಿಯ ಮೊದಲ ಪುಟದಲ್ಲೇ ಬರೆಸಿದ್ದಾರೆ. ಆ ಹುಡುಗಿ ಈಗ ಹತ್ತೊಂಬತ್ತರ ಯುವತಿ. ತಾಯಿ ದುಡಿಯುವ ಅಂಗಡಿಯಲ್ಲೇ ಗುಂಡಿ ಹೊಲಿಯುತ್ತಾಳೆ, ಕೂತು.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸಬರಿಗೆ ಅಂಕ ಹಾಕುವುದನ್ನು ಕಲಿಸಲು ಅವರು ಒಪ್ಪಿರುವುದು ನಮ್ಮೆಲ್ಲರ ಭಾಗ್ಯ. ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ ಎಂಬ ನಮ್ಮ ಹಾರೈಕೆಯಲ್ಲಿ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಸರತಿಯಲ್ಲಿ ಇನ್ನೂ ಮೂವತ್ತೊಂದು ಮಕ್ಕಳಿದ್ದಾರೆ. ಚೆನ್ನಾಗಾಗಿದೆ ಎನ್ನಲು ಆ ಮಕ್ಕಳ ಸುತ್ತ ನಾವೆಲ್ಲ ಕಾದು ನಿಂತಿದ್ದೇವೆ. ಆಗಿಲ್ಲ ಎನ್ನುವುದನ್ನು ನಾವಿನ್ನೂ ಕಲಿಯಬೇಕಾಗಿದೆ.