ಅಕ್ಕನ ಎರಡನೆಯ ಸ್ವರ

ಕೊಕ್ಕೆ ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತೀರಿಕೊಂಡ. ಐವತ್ತಮೂರು ವರ್ಷ, ಶ್ವಾಸಕೋಶದ ಕಾಯಿಲೆ. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವನ ಕೆಲಸ. ಇಪ್ಪತ್ತಾರು ವರ್ಷ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತಿದ್ದೆವು.

ಕೊಕ್ಕೆ ಎಂಬ ಹೆಸರು ಅವನೇ ಇಟ್ಟುಕೊಂಡದ್ದು. ಒತ್ತುಯಂತ್ರಕ್ಕೆ ಸಿಕ್ಕ ಎಡಗೈಯ ತೋರುಬೆರಳು ವಾಸಿಯಾಗುವಾಗ ಬಾಗಿಯೇ ನಿಂತಿತು. ಬ್ಯಾಂಡೇಜು ಬಿಚ್ಚಿದ ದಿನ ಅದನ್ನೆತ್ತಿ ತೋರಿಸಿ, "ಇನ್ಮೇಲೆ ಅಂಗಿ ನೇತುಹಾಕೋಕೆ ಮೊಳೆ ಹುಡುಕ್ಬೇಡ್ರೋ," ಎಂದ. ನಾವು ನಕ್ಕೆವು. ಅವನ ಅಕ್ಕ ನಗಲಿಲ್ಲ.

ಅವನನ್ನು ಸಾಕಿ ಬೆಳೆಸಿದವಳು ಅಕ್ಕನೇ. ನಮ್ಮಲ್ಲೇ ಕಿಟಕಿ ಪಕ್ಕದ ಮೇಜಿನಲ್ಲಿ ಅಂಟು ಹಚ್ಚುತ್ತಿದ್ದಳು. ಹಿಂದೆಲ್ಲ ಹಚ್ಚುವಾಗ ಒಂದು ಧಾಟಿ ಗುನುಗುತ್ತಿದ್ದಳಂತೆ. ಪದಗಳಿಲ್ಲದ್ದು, ಅವರಮ್ಮನಿಂದ ಬಂದದ್ದು. ನಾನು ಸೇರುವ ಹೊತ್ತಿಗೆ ಅದು ನಿಂತುಹೋಗಿತ್ತು. ಕಾರಣ ಇವನೇ. ಇಪ್ಪತ್ತರ ವಯಸ್ಸಿನಲ್ಲಿ ಆರು ತಿಂಗಳು ಗಿಟಾರ್ ಕಲಿತು, ಅವಳ ಧಾಟಿಯ ಕೆಳಗೆ ಕಾರ್ಡ್ ಹಿಡಿಯಲು ಹೋದ. ಒಟ್ಟಿಗೆ ಮೀಟುವ ಸ್ವರಗಳು ಧಾಟಿಯ ಜೊತೆ ಕೂಡಲಿಲ್ಲ. "ಅಕ್ಕಾ, ನಿನ್ನ ಎರಡನೇ ಸ್ವರ ತಪ್ಪು. ಅರ್ಧ ಮೆಟ್ಟಿಲು ಕೆಳಗೆ ಬೀಳುತ್ತೆ," ಎಂದು ತಿದ್ದಿದ. ಸುತ್ತ ನಾಲ್ಕು ಜನ ಇದ್ದರು. "ಹೌದೇನೋ," ಎಂದಳಂತೆ ಅಕ್ಕ. ಆಮೇಲೆ ಅವಳು ಗುನುಗಲಿಲ್ಲ.

ಇದನ್ನವನು ನನಗೆ ಹೇಳಿದ್ದು ಬೆರಳು ಕೆಟ್ಟ ಮೇಲೆ. ಗಿಟಾರಿನಲ್ಲಿ ಏನೂ ಒತ್ತದೆ ಮೀಟಿದರೆ ದಪ್ಪ ತಂತಿ 'ಇ' ನುಡಿಯುತ್ತದೆ; ಕತ್ತಿನ ಮೊದಲ ಪಟ್ಟಿಯಲ್ಲಿ ಒತ್ತಿದರೆ ಅರ್ಧ ಮೆಟ್ಟಿಲು ಮೇಲಿನ 'ಎಫ್'. ಎಫ್ ಕಾರ್ಡ್ ಪೂರ್ತಿ ಹಿಡಿಯಬೇಕಾದರೆ ತೋರುಬೆರಳು ಆರೂ ತಂತಿಗಳ ಮೇಲೆ ಮಟ್ಟಸವಾಗಿ ಮಲಗಬೇಕು. ಕೊಕ್ಕೆಯಾದ ಬೆರಳು ಮಲಗುವುದಿಲ್ಲ, ಅದರ ತುದಿ ದಪ್ಪ ತಂತಿಯೊಂದನ್ನೇ ಒತ್ತುತ್ತದೆ. ಸಣ್ಣ ತಂತಿಗಳೆರಡು ತೆರೆದೇ ಉಳಿದವು; ಅವುಗಳಲ್ಲಿ ಕೊನೆಯದೂ 'ಇ'ಯೇ. ಸಿಟ್ಟಿನಲ್ಲಿ ಹಾಗೇ ಮೀಟಿದಾಗ ಕೆಳಗೆ ಎಫ್, ಮೇಲೆ ಇ, ಎರಡೂ ಒಟ್ಟಿಗೆ ಬಂದವು. ಅಕ್ಕನ ಧಾಟಿಯ ಬಣ್ಣವೇ ಅದು.

"ಅವಳ ಸ್ವರ ಕೆಳಗೆ ಬೀಳ್ತಾನೇ ಇರ್ಲಿಲ್ಲ ಕಣೋ," ಎಂದ. ಅವತ್ತು ಊಟ ಮಾಡಲಿಲ್ಲ.

ಆ ವರ್ಷ ಹಳೆಯ ಸಂಗೀತ ಪುಸ್ತಕವೊಂದು ಮರುಹೊಲಿಗೆಗೆ ಬಂತು. ನಾವು ಓದುವುದು ಮಡಿಕೆಯ ಲೆಕ್ಕದಲ್ಲಿ. ಹದಿನಾರು ಪುಟ ಹೊಲಿದರೆ ಹದಿನಾರು ಪುಟ ಓದು. ಏಳನೆಯ ಮಡಿಕೆಯ ಕೊನೆಯಲ್ಲಿ ಅಕ್ಕನ ಸ್ವರಸಾಲು ಸಿಕ್ಕಿತು: ಇ, ಎಫ್, ಜಿ, ಎ, ಬಿ, ಸಿ, ಡಿ. ಫ್ರಿಜಿಯನ್ ಎಂದು ಹೆಸರು. ಅದರ ಮೇಲೆ ಕಾರ್ಡ್ ಕಟ್ಟುವ ಬಗೆ ಮುಂದಿನ ಮಡಿಕೆಯಲ್ಲಿದೆ ಎಂದಿತ್ತು. ಮುಂದಿನ ಮಡಿಕೆ ಪುಸ್ತಕದಲ್ಲೇ ಇರಲಿಲ್ಲ.

"ಹೋಗ್ಲಿ ಬಿಡು, ನಾವೇ ಕಟ್ಟೋಣ," ಎಂದು ಮಧ್ಯಾಹ್ನದ ಬಿಡುವಿನಲ್ಲಿ ಚೂರುರಟ್ಟುಗಳ ಮೇಲೆ ಬರೆಯತೊಡಗಿದ. ಒಂದು ಸ್ವರ ಹಿಡಿ, ಪಕ್ಕದ್ದನ್ನು ಬಿಡು, ಅದರಾಚೆಯದನ್ನು ಹಿಡಿ. ಹೀಗೆ ಮೂರು ಮೂರು. ಮೊದಲನೆಯದು ಇ ಮೈನರ್, ಮಂಕು. ಅದಕ್ಕೆ ಒತ್ತಿಕೊಂಡೇ ಎಫ್ ಮೇಜರ್, ಬಾಗಿಲು ತೆಗೆದಂತೆ. ಅವನು ಕಲಿತ ಹಾಡುಗಳಲ್ಲೆಲ್ಲ ಐದನೆಯ ಕಾರ್ಡೇ ಕೈಹಿಡಿದು ಮನೆಗೆ, ಅಂದರೆ ಮೊದಲನೆಯ ಕಾರ್ಡಿಗೆ, ಕರೆತರುತ್ತಿತ್ತು. ಇಲ್ಲಿ ಐದನೆಯದು ಬಿ, ಡಿ, ಎಫ್: ಕಾಲೂರದೆ ತೂಗಾಡುವಂಥದ್ದು. ಅದನ್ನು ನಂಬಿ ವಾರಗಟ್ಟಲೆ ಕೆಟ್ಟ. ಕೊನೆಗೆ ಆ ರಟ್ಟನ್ನು ಅಂಟಿನ ಡಬ್ಬಿಗೆ ಮುಚ್ಚಳ ಮಾಡಿ, ಎಫ್‌ನಿಂದ ನೇರ ಇ ಮೈನರಿಗೆ ಇಳಿದ. ಅರ್ಧ ಮೆಟ್ಟಿಲು, ಮೇಲಿನಿಂದ. ಮನೆ ಬಂತು.

ಅಕ್ಕನ ಪಕ್ಕ ಕೂತು ನುಡಿಸಿದ. "ತಪ್ಪು ನಂದು ಅಕ್ಕಾ. ಈಗ ಹಾಡು."

ಅವಳು ಕುಂಚ ನಿಲ್ಲಿಸಲಿಲ್ಲ. "ಹದಿನೆಂಟು ವರ್ಷ ಆದ್ಮೇಲೆ ಬಂದ ನೋಡು ಪಂಡಿತ. ಮರ್ತೋಗಿದೆ, ಹೋಗೋ."

ಮರೆತಿರಲಿಲ್ಲ. ಕುಂಚ ಅವನ ಕಾರ್ಡುಗಳ ಲಯಕ್ಕೇ ಓಡುತ್ತಿದ್ದುದನ್ನು ನಾವಿಬ್ಬರೂ ನೋಡಿದೆವು. ಅವನು ಮತ್ತೆ ಬಾಯಿಬಿಟ್ಟು ಕೇಳಲಿಲ್ಲ. ಪ್ರತಿ ಶನಿವಾರ ಊಟವಾದ ಮೇಲೆ ನುಡಿಸುತ್ತಿದ್ದ, ಧಾಟಿಯ ಜಾಗ ಖಾಲಿ ಬಿಟ್ಟು. ಹೀಗೆ ಹದಿನೈದು ವರ್ಷ.

ಗುರುವಾರ ಬೆಳಿಗ್ಗೆ ಅವನು ಕೇಳಿದ್ದಕ್ಕೆ ಆಸ್ಪತ್ರೆಗೆ ಗಿಟಾರ್ ಒಯ್ದು ಹೊದಿಕೆಯ ಮೇಲೆ ಮಲಗಿಸಿದೆ. ಉಳಿದ ಬೆರಳುಗಳಲ್ಲಿ ಬಲವಿರಲಿಲ್ಲ. ಕೊಕ್ಕೆಬೆರಳನ್ನು ದಪ್ಪ ತಂತಿಯ ಮೊದಲ ಪಟ್ಟಿಗೆ ಒತ್ತಿ, ಬಲಗೈ ಹೆಬ್ಬೆರಳಿನಿಂದ ಒಮ್ಮೆ ಮೀಟಿದ. ಅಕ್ಕ ಮಂಚದ ತುದಿಯಲ್ಲಿ ಅವನ ಕಾಲ್ಚೀಲ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಗುನುಗತೊಡಗಿದಳು.

ಒಣಗಿದ ದನಿ, ಮಧ್ಯೆ ಎರಡು ಕಡೆ ಬಿರುಕು. ನಾನು ಆ ಧಾಟಿ ಕೇಳಿದ್ದು ಅದೇ ಮೊದಲು. ಏರಿತು, ಸುತ್ತಿತು, ಇಳಿಯುತ್ತ ಆ ಎರಡನೆಯ ಸ್ವರಕ್ಕೆ ಬಂತು. ಅವಳು ಆ ಸ್ವರವನ್ನೇ ಹಿಡಿದು ನಿಂತು, ತಮ್ಮನ ಕೈ ನೋಡಿದಳು.

ಅವನು ಬೆರಳೆತ್ತಿ, ತೆರೆದ ದಪ್ಪ ತಂತಿಯನ್ನು ಮೀಟಿದ: ಇ, ಮನೆ.