ಬೀಜದ ಕುಳ್ಳು

ಕೆಳಗಿನ ಮನೆಯ ರೇಣುಕಾ ಮೊನ್ನೆ ಸಂಜೆ ಮಾಳಿಗೆಯ ಮೇಲೆ ಒಂದು ತೂತುಬಿದ್ದ ಬಾಣಲೆಯಲ್ಲಿ ಕುಳ್ಳು ಸುಟ್ಟಳು. ಅವಳ ಬದನೆ ಗಿಡಕ್ಕೆ ಹೇನು ಹತ್ತಿತ್ತು, ಕುಳ್ಳಿನ ಬೂದಿ ಉದುರಿಸಿದರೆ ಹೋಗುತ್ತದೆಂದು ಯಾರೋ ಹೇಳಿದ್ದರು. ಕೊಪ್ಪಳದಲ್ಲಿ ಈಗ ಕುಳ್ಳನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಪೂಜೆ ಸಾಮಾನಿನ ಅಂಗಡಿಯಲ್ಲಿ ಕರ್ಪೂರದ ಪಕ್ಕ ಇಟ್ಟು ಮಾರುತ್ತಾರೆ. ನಮ್ಮ ಆಯಿ ಇದ್ದಿದ್ದರೆ ಅದನ್ನು ನೋಡಿ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ನಾವು ನಾಲ್ಕು ಮನೆಯ ಹೆಂಗಸರು ಬಣ್ಣದ ಖಾಲಿ ಡಬ್ಬಿಗಳಿಗೆ ಮಣ್ಣು ತುಂಬಿ ಅದನ್ನೇ ತೋಟವೆಂದು ಕರೆದುಕೊಂಡಿದ್ದೇವೆ. ಸಂಜೆಯ ಮಾತೆಲ್ಲ ಅದರದೇ. ಯಾರ ಟೊಮೆಟೊ ಹೂ ಉದುರಿತು, ಅಕ್ಕಿ ತೊಳೆದ ನೀರು ಎಷ್ಟು ದಿನಕ್ಕೊಮ್ಮೆ ಹಾಕಬೇಕು, ಉಳಿದ ಅನ್ನ ಬುಡಕ್ಕೆ ಹಾಕಿದರೆ ಇರುವೆ ಬರುತ್ತವೋ ಇಲ್ಲವೋ. ನಾನು ಶಾಲೆಯ ಟೀಚರು, ಬಾಯಿ ಸುಮ್ಮನಿರುವುದಿಲ್ಲ, ಎಲ್ಲದಕ್ಕೂ ಒಂದು ಉತ್ತರ ಕೊಡುತ್ತೇನೆ. ಆದರೆ ಆ ಹೊಗೆ ಮೂಗಿಗೆ ಬಂದದ್ದೇ ತಡ, ನನ್ನ ಕಿವಿ ಒಂದು ಚಟಚಟ ಸದ್ದಿಗೆ ಕಾಯತೊಡಗಿತು. ಸದ್ದು ಬರಲಿಲ್ಲ. ಆ ಕುಳ್ಳಿನೊಳಗೆ ಏನೂ ಇರಲಿಲ್ಲ, ಬರೀ ಸೆಗಣಿ.

ನಿಮಗೂ ಎಲ್ಲೋ ಒಂದು ಹಿತ್ತಲು ಇದ್ದಿರಬಹುದು, ಈಗ ಇಲ್ಲದಿರಬಹುದು. ಹಾಗಿದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ. ಬೇವೂರಿನ ನಮ್ಮ ಮನೆಗೆ ಮನೆಗಿಂತ ದೊಡ್ಡ ಹಿತ್ತಲಿತ್ತು. ಮಳೆ ನೆಚ್ಚಿದ ಊರು, ಕುಡಿಯುವ ನೀರನ್ನೇ ಹೊತ್ತು ತರಬೇಕು, ಇನ್ನು ಗಿಡಕ್ಕೆ ಯಾರು ನೀರು ತರುತ್ತಾರೆ? ಆ ಹಿತ್ತಲು ಬದುಕಿದ್ದು ನಮ್ಮ ಉಳಿಕೆಯ ಮೇಲೆ. ಪಾತ್ರೆ ತೊಳೆದ ನೀರು ಬದನೆಗೆ, ಕಾಳು ತೊಳೆದ ನೀರು ಮೆಣಸಿನ ಗಿಡಕ್ಕೆ, ಬಚ್ಚಲಿನ ನೀರು ಒಂದು ಸಣ್ಣ ಕಾಲುವೆಯಲ್ಲಿ ಹರಿದು ಹೀರೆಬಳ್ಳಿಯ ಪಾತಿಗೆ. ತಂಗಳ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟರೆ ಅದು ನಮ್ಮ ಮುಂಜಾನೆ. ಅದಕ್ಕೂ ಮಿಕ್ಕಿದ್ದು, ಹಳಸಿದ್ದು, ಸಿಪ್ಪೆ, ಗಂಜಿ ಎಲ್ಲ ಎಮ್ಮೆಯ ಮುಸುರೆ ಬಾನಿಗೆ. ಹೀರೆಕಾಯಿಯಲ್ಲಂತೂ ಒಗೆಯುವುದು ಏನೂ ಇರಲಿಲ್ಲ. ಒಳಗಿನದು ಪಲ್ಯ, ಸಿಪ್ಪೆ ಎಣ್ಣೆಯಲ್ಲಿ ಹುರಿದು ಶೇಂಗಾ ಹಾಕಿ ಚಟ್ನಿ, ಬಳ್ಳಿಯಲ್ಲೇ ಬಲಿತು ಒಣಗಿದ ಕಾಯಿಯ ನಾರು ಪಾತ್ರೆ ತಿಕ್ಕಲು. ಗೇಣುದ್ದದ, ಗಿಡ್ಡ, ಬೆಳ್ಳನೆಯ ಕಾಯಿ. ಅಷ್ಟು ರುಚಿಯ ಹೀರೆಕಾಯಿಯನ್ನು ನಾನು ಆಮೇಲೆ ತಿಂದಿಲ್ಲ. ಮುಂದೆಯೂ ತಿನ್ನುವುದಿಲ್ಲ, ಯಾಕೆಂದರೆ ಆ ತಳಿಯೇ ಈಗ ಇಲ್ಲ.

ಆಯಿ ಎಂದರೆ ಅಪ್ಪನ ಅವ್ವ. ಮಾತು ಕಡಿಮೆ, ಕೈ ದೊಡ್ಡದು. ಆ ಹೀರೆಯ ಬೀಜವನ್ನು ಅವಳು ಮದುವೆಯಾಗಿ ಬರುವಾಗ ಕುಷ್ಟಗಿ ಕಡೆಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ. ಕಾಯಿಯನ್ನು ಓಣಿಗೆಲ್ಲ ಹಂಚುತ್ತಿದ್ದಳು, ಬೀಜ ಮಾತ್ರ ಮಗಳಿಗಲ್ಲದೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಬೀಜ ಹೊರಗೆ ಹೋದರೆ ಮನೆಯ ಬಳ್ಳಿ ಸೊರಗುತ್ತದೆ ಎಂದು ಅವಳ ನಂಬಿಕೆ. ಪ್ರತಿವರ್ಷ ಒಣಗಿದ ಕಾಯಿಗಳನ್ನು ಕೊಡವಿ, ಕರಿಬೀಜಗಳನ್ನು ಹಸಿ ಸೆಗಣಿಯಲ್ಲಿ ಸೇರಿಸಿ, ಅಂಗೈಯಗಲ ತಟ್ಟಿ, ಕೊಟ್ಟಿಗೆಯ ಒಳಗೋಡೆಗೆ ಬಡಿಯುತ್ತಿದ್ದಳು. ಅದಕ್ಕೆ ಹುಳ ಹತ್ತುವುದಿಲ್ಲ, ಇಲಿ ಬಾಯಿ ಹಾಕುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದಾಗ ಕುಳ್ಳು ಬಿಡಿಸಿ, ಇಡಿಯಾಗಿಯೇ ಪಾತಿಯಲ್ಲಿಟ್ಟರೆ ಬೀಜವೂ ಅದೇ, ಗೊಬ್ಬರವೂ ಅದೇ. ಒಲೆಗೆ ಹಾಕುವ ಕುಳ್ಳು ಹೊರಗೋಡೆಗೆ, ಅದರ ಮೇಲೆ ಐದೂ ಬೆರಳಿನ ಗುರುತು. ಬೀಜದ ಕುಳ್ಳು ಒಳಗೋಡೆಗೆ, ನಡುವೆ ಒಂದೇ ಹೆಬ್ಬೆರಳಿನ ಗುರುತು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು.

ಹಿತ್ತಲಿನ ಗೋಡೆಯಾಚೆ ಹುಸೇನಬಿಯ ಮನೆ. ಅವಳ ಗಂಡ ಊರೂರು ತಿರುಗಿ ಗಾದಿ ಹೊಲಿದುಕೊಡುತ್ತಿದ್ದ. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ಎರಡು ಹಿತ್ತಲಿನ ನಡುವೆ ಗೋಡೆಯ ಕಲ್ಲು ಬಿದ್ದು ಒಂದು ಸಂದಿಯಾಗಿತ್ತು, ಯಾರೂ ಅದನ್ನು ಮುಚ್ಚುವ ಗೋಜಿಗೆ ಹೋಗಿರಲಿಲ್ಲ. ಅವರಿಗೆ ದನವಿಲ್ಲ, ಆದ್ದರಿಂದ ಅವಳ ಮನೆಯ ಮುಸುರೆ ದಿನಾ ಆ ಸಂದಿಯಿಂದ ನಮ್ಮ ಬಾನಿಗೆ ಬರುತ್ತಿತ್ತು. ನಮ್ಮ ಮಜ್ಜಿಗೆ, ಕುಳ್ಳು, ಹೀರೆಯ ಒಣ ನಾರು ಅದೇ ಸಂದಿಯಿಂದ ಆಚೆ ಹೋಗುತ್ತಿದ್ದವು. ಕುಳ್ಳು ಬೇಕಾದರೆ ಅವಳು ಕೇಳುತ್ತಲೂ ಇರಲಿಲ್ಲ, ಬಂದು ಬಿಡಿಸಿಕೊಂಡು ಹೋಗುತ್ತಿದ್ದಳು. ಮಧ್ಯಾಹ್ನ ಕೆಲಸ ಮುಗಿಸಿ ಆಯಿ ಈಚೆ, ಅವಳು ಆಚೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದರು. ಏನಿತ್ತು ಅಷ್ಟು ಮಾತು? ಪುಂಡಿಪಲ್ಲೆಗೆ ಹುಳಿ ಹೆಚ್ಚಾಯಿತು, ಚವಳಿಕಾಯಿ ಬಲಿಯಿತು, ನುಗ್ಗೆಗೆ ಕಂಬಳಿಹುಳ ಹತ್ತಿತು. ಈಗ ಮಾಳಿಗೆಯ ಮೇಲೆ ನಾವು ಆಡುವುದೂ ಅದೇ, ಆದರೆ ಆಯಿ ಮನೆಯಲ್ಲಿ ಬೇರೆ ಯಾರೊಂದಿಗೂ ಅಷ್ಟು ಮಾತಾಡಿದ್ದನ್ನು ನಾನು ನೋಡಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಬೇಸಿಗೆ ಮುಗಿಯುವ ಹೊತ್ತಿಗೆ, ಆಯಿ ಮರಳಿ ಎಂಬ ಊರಿನಲ್ಲಿದ್ದ ನನ್ನ ಸೋದರತ್ತೆಯ ಬಾಣಂತನಕ್ಕೆಂದು ತಿಂಗಳಮಟ್ಟಿಗೆ ಹೋದಳು. ಅವಳಿಲ್ಲದಾಗ ಒಂದು ದಿನ ಅಡ್ಡಮಳೆ ಬಿದ್ದು ಹೊರಗೋಡೆಯ ಕುಳ್ಳೆಲ್ಲ ನೆನೆಯಿತು. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿ ಕೂರಿಸಿದ್ದಳು, ನೀರೊಲೆಗೆ ಒಣಕುಳ್ಳು ತರಲು ಹೇಳಿದಳು. ಒಣಕುಳ್ಳಿನ ಗೂಡು ಹಿತ್ತಲಿನ ತುದಿಯಲ್ಲಿತ್ತು, ಹಿಂದಿನ ದಿನವೇ ಅಲ್ಲಿ ಚೇಳು ಕಂಡಿತ್ತು. ನಾನು ಕೊಟ್ಟಿಗೆಗೆ ಹೋಗಿ, ಒಳಗೋಡೆಯ ಮೇಲೆ ಬೆಚ್ಚಗೆ ಒಣಗಿ ಕೂತಿದ್ದ ಏಳೂ ಕುಳ್ಳುಗಳನ್ನು ಬಿಡಿಸಿಕೊಂಡು ಬಂದು ಒಲೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಒಲೆ ಚಟಚಟ ಅನ್ನತೊಡಗಿತು. ಆಮೇಲೆ ಬೀಜ ಹುರಿದ ವಾಸನೆ, ಅವ್ವ ಚಟ್ನಿಗೆ ಹುರಿಯುವಾಗ ಬರುತ್ತದಲ್ಲ, ಅಂಥದೇ ಘಮ. ಆಗ ನನಗೆ ಗೊತ್ತಾಯಿತು. ಒಲೆಯ ಬಾಯಿಗೆ ಕೈ ಹಾಕಲು ಹೋಗಿ ಸುಟ್ಟುಕೊಂಡು ಹಿಂದೆ ತೆಗೆದೆ. ಅವ್ವ ಬಂದು ತಲೆಗೆ ನೀರು ಹೊಯ್ದಳು, ಸೀಗೆಕಾಯಿ ಕಣ್ಣಿಗೆ ಹೋಗಿದೆಯೆಂದು ನಾನು ಅತ್ತೆ. ಆ ಬಿಸಿನೀರು ಕಾಲುವೆಯಲ್ಲಿ ಹರಿದು ಖಾಲಿ ಹೀರೆಯ ಪಾತಿಯಲ್ಲಿ ನಿಂತಿತು.

ಆಯಿ ಬಂದ ವಾರಕ್ಕೆ ಮುಂಗಾರು ಹಿಡಿಯಿತು. ಪಾತಿ ಅಗೆದು ಕೊಟ್ಟಿಗೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಗೋಡೆಯ ಮೇಲೆ ಏಳು ದುಂಡನೆಯ ಕಲೆ ಮಾತ್ರ ಇದ್ದವು. ಅವ್ವನನ್ನು ಕೇಳಿದಳು. ಒಂದು ತಿಂಗಳ ಹಿಂದೆ ನನ್ನನ್ನು ಕುಳ್ಳಿಗೆ ಕಳಿಸಿದ್ದು ಅವ್ವನಿಗೆ ಎಲ್ಲಿ ನೆನಪಿರುತ್ತದೆ, ಹುಸೇನಬಿ ಎರಡು ಮೂರು ಸಲ ಬಂದು ಕುಳ್ಳು ಒಯ್ದದ್ದು ನೆನಪಿತ್ತು, ಅದನ್ನೇ ಹೇಳಿದಳು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಆಯಿ ಸಂದಿಯ ಹತ್ತಿರ ಹೋಗಿ, ದನಿಯೇರಿಸದೆ ಕೇಳಿದಳು:

“ಹುಸೇನಬಿ, ಒಳಗ್ವಾಡಿ ಮ್ಯಾಲಿನ ಬೀಜದ ಕುಳ್ಳು ಏನರ ನೀ ಒಯ್ದೇನವಾ?”

“ಇಲ್ಲ ಯಕ್ಕಾ. ಬೀಜದ ಕುಳ್ಳು ನನಗ ಗುರ್ತಿಲ್ಲೇನು?”

ಆಯಿ “ಹೂಂ” ಅಂದಳು. ಅಷ್ಟೇ. ಜಗಳವಾಗಿದ್ದರೆ ನಾನು ಹೆದರಿಯಾದರೂ ಬಾಯಿ ಬಿಡುತ್ತಿದ್ದೆನೋ ಏನೋ. ಆಯಿ ಬಯ್ಯಲಿಲ್ಲ, ಹುಸೇನಬಿ ಆಣೆ ಮಾಡಲಿಲ್ಲ. ಮರುದಿನ ಮುಸುರೆ ಬರಲಿಲ್ಲ. ಆಯಿ ಮಜ್ಜಿಗೆಯ ತಂಬಿಗೆ ತುಂಬಿಟ್ಟು, ಸಂಜೆ ಅದನ್ನು ಎಮ್ಮೆಗೇ ಸುರಿದಳು. ವಾರದ ಮೇಲೆ, ಆಡು ನುಗ್ಗುತ್ತವೆ ಎಂದು ಹೇಳಿ, ಅಪ್ಪನ ಕೈಯಲ್ಲಿ ಆ ಸಂದಿಗೆ ಕಲ್ಲು ಇಡಿಸಿದಳು. ನಾನೂ ಸಣ್ಣ ಸಣ್ಣ ಕಲ್ಲು ಎತ್ತಿಕೊಟ್ಟೆ. ಮರಳಿಗೆ ಹೇಳಿಕಳಿಸಿದ್ದಾಯಿತು, ಮಗಳಿಗೆಂದು ಹಿಂದೆ ಕೊಟ್ಟ ಬೀಜವೇನಾದರೂ ಇದೆಯೇ ಎಂದು. ಕಾಲುವೆ ನೀರಿನ ಊರು ಅದು, ಮನೆಯ ಹೊಸ್ತಿಲವರೆಗೂ ಭತ್ತ ಹಚ್ಚಿದ್ದಾರೆ, ಹೀರೆ ಹಾಕಲು ಜಾಗವೆಲ್ಲಿದೆ ಎಂದು ಅತ್ತೆ ಉತ್ತರ ಕಳಿಸಿದಳು. ಕುಷ್ಟಗಿಯ ತವರಲ್ಲಿ ಹಿತ್ತಲು ಎಂದೋ ಪಾಲಾಗಿ ಹೋಗಿತ್ತು. ಸಂತೆಯಿಂದ ತಂದ ಬೀಜದ ಬಳ್ಳಿಯಲ್ಲಿ ಮೊಳದುದ್ದದ ಕಾಯಿ ಬಿಟ್ಟವು, ನೀರು ನೀರು. ಆಯಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಆಮೇಲೆ ಅವಳು ಹಂದರ ಹಾಕಲಿಲ್ಲ. ಒಮ್ಮೆ ಅವ್ವನ ಮುಂದೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ: “ಹುಸೇನಬಿ ಹಂಗ ಮಾಡಾಕಿ ಅಲ್ಲ. ಆದ್ರ ಮಾಡ್ಯಾಳ.”

ಎರಡು ವರ್ಷದ ಮೇಲೆ ಹುಸೇನಬಿಯವರು ಕಾರಟಗಿಗೆ ಹೋದರು. ಅಲ್ಲಿ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸ ಸಿಕ್ಕಿತ್ತು. ಹೊರಡುವ ದಿನ ಅವಳು ನಮ್ಮ ಮುಂಬಾಗಿಲಿಗೆ ಬಂದು ನಿಂತಳು. ಅವ್ವ ಚಹಾ ಮಾಡುತ್ತೇನೆಂದಳು, ಅವಳು ಬೇಡವೆಂದಳು. ಆಯಿ ಒಳಗೆ ಜೋಳ ಹಸನು ಮಾಡುತ್ತಿದ್ದಳು, ಮೊರದ ಸದ್ದು ಹೊರಗೆ ಕೇಳುತ್ತಿತ್ತು, ಅದು ನಿಲ್ಲಲಿಲ್ಲ. ಹುಸೇನಬಿ ಸ್ವಲ್ಪ ಹೊತ್ತು ಅದನ್ನೇ ಕೇಳುತ್ತ ನಿಂತು, ನನ್ನ ತಲೆ ಸವರಿ ಹೋದಳು. ಹೇಳಬೇಕಾದ ಮಾತು ಆ ಹೊತ್ತು ನನ್ನ ನಾಲಗೆಯ ಮೇಲೇ ಇತ್ತು. ಹೇಳಿದ್ದರೆ ಏನಾಗುತ್ತಿತ್ತು, ಬೆನ್ನಿಗೆ ಎರಡು ಏಟು ಬೀಳುತ್ತಿತ್ತು. ಮರುವರ್ಷ ಆಯಿ ತೀರಿಕೊಂಡಳು. ಈಗ ಆ ಹಿತ್ತಲಿನ ಮೇಲೆ ಚಿಕ್ಕಪ್ಪನ ಮಕ್ಕಳು ಎರಡು ಕೋಣೆ ಕಟ್ಟಿಸಿ, ಉಳಿದ ನೆಲಕ್ಕೆ ಫರ್ಸಿಕಲ್ಲು ಹಾಸಿದ್ದಾರೆ. ಬಚ್ಚಲಿನ ನೀರು ಪೈಪಿನಲ್ಲಿ ಚರಂಡಿಗೆ ಹೋಗುತ್ತದೆ.

ಹೋದ ವರ್ಷ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಕಾರಟಗಿಗೆ ಹಾಕಿದರು. ಮೂವತ್ತು ಚಿಲ್ಲರೆ ವರ್ಷ ಹೇಳದವಳು ಈಗ ಹೇಳಿ ಏನು ಉದ್ಧಾರ ಎಂದು ಎರಡು ದಿನ ಅಂದುಕೊಂಡೆ. ಮೂರನೆಯ ದಿನ, ಬೇವೂರಿನಿಂದ ಬಂದ ಗಾದಿಯವರ ಮನೆ ಯಾವುದೆಂದು ಗಿರಣಿಗಳ ಹಿಂದಿನ ಓಣಿಯಲ್ಲಿ ಕೇಳುತ್ತ ಹೋದೆ. ತಗಡಿನ ಸಾಲುಮನೆ, ಹೊಸ್ತಿಲ ಮೇಲೂ ಭತ್ತದ ಹೊಟ್ಟಿನ ಧೂಳು, ಒಂದು ತುಳಸಿ ಇಡಲೂ ನೆಲವಿಲ್ಲ. ಹುಸೇನಬಿಯ ಮಗಳು ಒಳಗೆ ಕರೆದು ಕೂರಿಸಿದಳು. ಹುಸೇನಬಿಗೆ ಕಣ್ಣು ಮಂಜಾಗಿದ್ದವು, ಯಾರ ಮೊಮ್ಮಗಳೆಂದು ಹೇಳಿದ ಮೇಲೆ ಗುರುತು ಹಿಡಿದಳು. ನಾನು ಕೂತಕೂಡಲೇ ಎಲ್ಲ ಹೇಳಿಬಿಟ್ಟೆ, ಚೇಳು, ಅಡ್ಡಮಳೆ, ಏಳು ಕುಳ್ಳು, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮಗಳಿಗೆ ಹೇಳಿ ಟ್ರಂಕಿನಿಂದ ಒಂದು ಹಳೆಯ ಎಲೆಅಡಿಕೆ ಚೀಲ ತರಿಸಿದಳು. ಅದರೊಳಗೆ ಅರಿವೆಯ ಗಂಟು, ಗಂಟಿನಲ್ಲಿ ಹನ್ನೊಂದು ಕರಿಬೀಜ.

“ಕದ್ದದ್ದಲ್ಲವಾ,” ಅಂದಳು. “ಭಾಂಡೆ ತಿಕ್ಕಾಕ ಅಂತ ನಿಮ್ಮ ಆಯಿ ಒಣಹೀರಿ ನಾರು ಕೊಡ್ತಿದ್ಲಲ್ಲ, ಅದರಾಗ ಉಳದಿದ್ವು. ನಮ್ಮ ಹಿತ್ತಲದಾಗ ಹಾಕೋಣು ಅಂತ ಎತ್ತಿಟ್ಟಿದ್ದೆ. ಅಷ್ಟರಾಗ ಇದಾತು. ಹಾಕಿದ್ರ ಬಳ್ಳಿ ಗ್ವಾಡಿ ಹತ್ತಿ ಎಲ್ಲಾರಿಗೂ ಕಾಣತಿತ್ತು. ಕೊಟ್ಟಿದ್ರ, ಕದ್ದಾಕಿ ತಿರುಗಿ ತಂದ್ಲು ಅಂತಿದ್ರು. ಎರಡು ಸಲ ಕೈಯಾಗ ಹಿಡಕೊಂಡು ನಿಮ್ಮ ಬಾಗಲತನ ಬಂದೀನಿ.”

ಹೊರಡುವ ದಿನ ನನ್ನ ತಲೆ ಸವರಿದಾಗಲೂ ಇನ್ನೊಂದು ಕೈಯಲ್ಲಿ ಈ ಗಂಟು ಇತ್ತಂತೆ. ಒಗೆಯಬೇಕೆಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳಂತೆ, ಬೀಜ ಒಗೆಯಲು ಕೈ ಬರಲಿಲ್ಲವಂತೆ. ನಾನು ಅತ್ತೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಗಂಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಆಗ ನೀ ಒಂದು ಮಾತು ಅಂದಿದ್ರ ಸಾಕಾಗಿತ್ತವಾ. ಈಗ ಯಾರಿಗೆ ಹೇಳ್ತಿ? ಕೇಳಾಕಿನ ಇಲ್ಲ.”

ಈ ಮುಂಗಾರಿಗೆ ಆ ಹನ್ನೊಂದು ಬೀಜಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ಎಲ್ಲವೂ ಮೇಲೆ ತೇಲಿದವು. ತೇಲಿದ ಬೀಜ ಪೊಳ್ಳು ಎಂದು ನನ್ನ ತರಗತಿಯ ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಆದರೂ ಒಂದು ಡಬ್ಬಿಗೆ ಹೊಸ ಮಣ್ಣು ಹಾಕಿ ಹೂಳಿದೆ, ದಿನಾ ಅಕ್ಕಿ ತೊಳೆದ ನೀರು ಹಾಕಿದೆ, ದಿನಾ ಬಗ್ಗಿ ನೋಡಿದೆ. ಒಂದು ತಿಂಗಳಾಯಿತು, ಎರಡಾಯಿತು, ಒಂದೂ ಏಳಲಿಲ್ಲ.

ಮೊನ್ನೆ ಕುಳ್ಳು ಸುಟ್ಟ ಮೇಲೆ ರೇಣುಕಾ ಕೈಯಲ್ಲಿ ಒಂದು ಮೆಣಸಿನ ಸಸಿ ಹಿಡಿದುಕೊಂಡು ಆ ಡಬ್ಬಿಯ ಮುಂದೆ ನಿಂತಳು.

“ಅಕ್ಕಾರ, ಇದರಾಗ ಏನ್ ಹಾಕೀರಿ? ಏನೂ ಎದ್ದಿಲ್ಲಲ್ರಿ. ಖಾಲಿ ಇದ್ರ ಇದನ್ನ ಹಚ್ಚತೀನಿ.”

ಹೇಳಬಹುದಾಗಿತ್ತು. ಅವಳು ಒಳ್ಳೆಯವಳು, ಕೂತು ಕೇಳುತ್ತಿದ್ದಳು.

“ಏನೂ ಹಾಕಿಲ್ಲವಾ,” ಅಂದೆ, “ಬರೀ ಮಣ್ಣೈತಿ. ಹಚ್ಚು.”

ಅವಳು ಎರಡು ಬೆರಳಿನಿಂದ ಮಣ್ಣು ತೋಡಿ ಸಸಿಯನ್ನಿಟ್ಟು ಒತ್ತಿದಳು. ಬಾಣಲೆಯಲ್ಲಿ ಮಿಕ್ಕಿದ್ದ ಬೂದಿಯನ್ನು ಅದರ ಬುಡಕ್ಕೆ ಉದುರಿಸಿದಳು. ನಾನು ನೀರು ತಂದು ಹಾಕಿದೆ.