ತೂಬಿಗಿಳಿಯುವ ಕಾಟಯ್ಯನ ಹಗ್ಗ

ಬೆಳಕು ಹರಿಯುವ ಹೊತ್ತು. ಹಿರಿಯೂರು ಸೀಮೆಯ ಮಾರಿಕಣಿವೆಯ ಹೊಸ ಕಟ್ಟೆಯ ಮೇಲೆ ಪುಷ್ಯಮಾಸದ ಚಳಿ ಕೊರೆಯುತ್ತಿದೆ. ಕಾಟಯ್ಯ ಸೊಂಟಕ್ಕೆ ಹಗ್ಗ ಬಿಗಿದು, ಕಲ್ಲೊಂದನ್ನು ಅಪ್ಪಿಕೊಂಡು ನೀರಿಗೆ ಇಳಿಯುತ್ತಾನೆ. ಕಟ್ಟೆಯ ನೀರು ಹೊರಬಿಡುವ ತೂಬಿಗೆ ಸಿಕ್ಕಿಕೊಳ್ಳುವ ಕಸಕಡ್ಡಿ ಬಿಡಿಸುವುದು ಅವನ ಕೆಲಸ. ಅಲ್ಲಿ ಸೆಳೆತ ಜೋರು. ಮೇಲಿನಿಂದ ಎಳೆಯದಿದ್ದರೆ ಅವನು ಹಿಂತಿರುಗಲಾರ. ಹಗ್ಗದ ತುದಿ ಅವನ ಹೆಂಡತಿಯ ತಮ್ಮ ಬೋರಯ್ಯನ ಕೈಯಲ್ಲಿದೆ. ಮುಳುಗುವವನ ಹಗ್ಗವನ್ನು ಬಾಮೈದನೇ ಹಿಡಿಯಬೇಕೆಂಬುದು ಇವರ ರೂಢಿ. ಅಕ್ಕನ ತಾಳಿಯನ್ನು ಯಾರು ತಾನೇ ಕೈಬಿಟ್ಟಾರು?

ಕಟ್ಟೆ ನೋಡಲು ಬಂದ ನಾನೂ ಹಾಗೆಂದೇ ನಂಬಿ ನಿಂತಿದ್ದೇನೆ. ಅಷ್ಟರಲ್ಲಿ ನೀರಿನಿಂದ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಮೀನೊಂದು ಹೊಟ್ಟೆ ಮೇಲಾಗಿ ತೇಲುತ್ತದೆ, ಹಿಂದೆಯೇ ಹತ್ತಾರು, ನೋಡನೋಡುತ್ತ ದಡದುದ್ದಕ್ಕೂ ಸತ್ತ ಮೀನು. "ಅವ್ವಾ ಮಾರಮ್ಮಾ, ಮುನೀಬ್ಯಾಡ ತಾಯೀ!" ಎಂದು ಬೋರಯ್ಯ ಎರಡೂ ಕೈ ಎತ್ತಿ ಮುಗಿಯುತ್ತಾನೆ.

ಎರಡೂ ಕೈ! ಹಗ್ಗ ಸರಸರನೆ ನೀರಿಗೆ ಜಾರುತ್ತಿದೆ. ಅತ್ತ ಬೆಂಕಿ ಹೊತ್ತಿಸುತ್ತಿದ್ದ ಕಾಟಯ್ಯನ ಹೆಂಡತಿ ಯಲ್ಲಕ್ಕ ಓಡಿಬಂದು ಹಗ್ಗದ ಮೇಲೆ ಬೋರಲು ಬೀಳುತ್ತಾಳೆ. "ಎಳ್ಯೋ ಲೇ!" ಎಂದು ಚೀರುತ್ತಾಳೆ. ಮೂವರೂ ಸೇರಿ ಎಳೆಯುತ್ತೇವೆ.

ಮೇಲೆ ಬಂದ ಕಾಟಯ್ಯನ ತುಟಿ ನೀಲಿಗಟ್ಟಿದೆ. ಬೆಂಕಿಯ ಮುಂದೆ ಕೂತು ಹೇಳುತ್ತಾನೆ. "ಅಮ್ಮನ ಸಿಟ್ಟಲ್ಲ ಸ್ವಾಮಿ, ನೀರು ಮಗುಚೈತೆ. ಮ್ಯಾಲಿನ ನೀರು ಚಳಿಗೆ ತಣ್ಣಗಾಗಿ ತಳಕ್ಕಿಳೀತು, ತಳದಾಗೆ ಕೊಳೀತಿದ್ದಿದ್ದು ಮ್ಯಾಲೆ ಬಂತು. ಮೀನಿಗೆ ಉಸಿರು ಕಟ್ತು. ಹೋದ್ವರ್ಷ ಚಳೀನೇ ಇರಲಿಲ್ಲ, ಮಗುಚಲೂ ಇಲ್ಲ. ಇವತ್ತೇ ಮಗುಚುತ್ತೆ ಅಂತ ನಂಗೂ ಗೊತ್ತಾಗ್ಲಿಲ್ಲ."

ಉತ್ತರದ ಹಿಮಸಮುದ್ರಗಳಲ್ಲೂ ಮೇಲಿನ ನೀರು ತಣಿದು, ಭಾರವಾಗಿ, ಪಾತಾಳಕ್ಕೆ ಇಳಿಯುತ್ತದೆಂದೂ ಅದು ವರ್ಷವರ್ಷಕ್ಕೂ ಹೆಚ್ಚುಕಡಿಮೆಯಾಗುತ್ತದೆಂದೂ ಓದಿದ್ದೆ. ಓದುವಾಗ ಚೆನ್ನಾಗಿತ್ತು. ಇಲ್ಲಿ ಹಗ್ಗ ಎಳೆದ ಗೀರು ನನ್ನ ಅಂಗೈಯಲ್ಲಿ ಇನ್ನೂ ಉರಿಯುತ್ತಿದೆ.

ಬೋರಯ್ಯ ದೂರದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ. ಯಲ್ಲಕ್ಕ ತಮ್ಮನ ಕಡೆ ತಿರುಗಿಯೂ ನೋಡುತ್ತಿಲ್ಲ. ನಾಳೆ ಹಗ್ಗಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಬಾರದೇ ಎಂದು ನಾನು ಕೇಳುತ್ತೇನೆ.

ಕಾಟಯ್ಯ ತಲೆಯಾಡಿಸುತ್ತಾನೆ. "ಬ್ಯಾಡ ಸ್ವಾಮಿ, ಅವ್ನೇ ಹಿಡೀಲಿ. ನಾಳೆ ಅವ್ನಷ್ಟು ಗಟ್ಟಿಯಾಗಿ ಹಿಡಿಯೋರು ಈ ಸೀಮೇಲೇ ಸಿಗಲ್ಲ."